ಕೊಡದ ಮೇಲಿನ ಬಾಯಿ

"ಹೋಗವಲ್ದಲ್ಲೋ ಇದು!" ಮೂರನೆಯ ಸಲ ಬೂದಿ ಹಾಕಿ ತಿಕ್ಕಿದ ಬೋಗುಣಿಯನ್ನು ಅಲ್ಮಾಸಬಿ ಬಿಸಿಲಿಗೆ ಹಿಡಿದು ನೋಡಿದಳು. ಅದರ ಮೇಲೆ ಗುರುತಿಗೆ ಬರೆದ, ಬೋಗುಣಿಯ ಒಡೆಯ ಯಮನೂರಪ್ಪನ ಬೋಳುತಲೆ ಮೊದಲಿಗಿಂತ ಲಕಲಕ ಹೊಳೆಯುತ್ತಿತ್ತು.

ಬೋಳುತಲೆ ಬರೆದವಳೂ ಅವಳೇ. ಮಗಳು ಹಸೀನಾಬಿಯ ಮದುವೆಗೆ ಬೆಟಗೇರಿಯ ಆ ಓಣಿಯ ಹತ್ತು ಮನೆಗಳಿಂದ ಪಾತ್ರೆ ಬಂದಿದ್ದವು. ಮಾಂಸ ಮುಟ್ಟದ ನೇಕಾರರ ಮನೆಯ ಪಾತ್ರೆಗಳಲ್ಲಿ ಅನ್ನ, ಸಾರು, ಸಿಹಿ. ತಮ್ಮವರ ಪಾತ್ರೆಗಳಲ್ಲಿ ಮಟನ್ನು. ಆ ರೀತಿಯನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಗುರುತಿಗೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಆದರೆ ಹೋದ ವರ್ಷ ಹಿರಿಮಗನ ಮದುವೆಯಲ್ಲಿ ಸುಣ್ಣವೆಲ್ಲ ತೊಳೆದುಹೋಗಿ, ಮಟನ್ನು ಇನ್ನೇನು ನೇಕಾರರ ಬೋಗುಣಿಗೆ ಬೀಳಬೇಕು, ಅಷ್ಟರಲ್ಲಿ ಯಾರೋ ಕೂಗಿ ತಡೆದಿದ್ದರು.

ಹಾಗಾಗಿ ಈ ಸಲ, ಮಸ್ಕತ್ತಿನಿಂದ ಬಂದ ತಮ್ಮ ಅಬ್ದುಲಗನಿ ತನ್ನ ಟ್ರಂಕಿನ ಮೇಲೆ ಹೆಸರು ಬರೆದ ದಪ್ಪ ಕರಿಪೆನ್ನಿನ ಮೇಲೆ ಅವಳ ಕಣ್ಣು ಬಿದ್ದಿತ್ತು. ಅಂಥದನ್ನು ಓಣಿ ಅದುವರೆಗೆ ಕಂಡಿರಲಿಲ್ಲ.

"ಆಪಾ, ಇದು ಮಾರ್ಕರ್ ಪೆನ್ನು. ಬರದ್ರ ಹೋಗೂದಿಲ್ಲ ನೋಡು."

"ಬಣ್ಣದ ಸೀರಿ ಮಾರಾಂವನೂ ಹಂಗ ಅಂತಾನ, ಕೊಡಿಲ್ಲಿ!"

ಅಕ್ಷರ ಬಾರದು, ಚಿತ್ರಕ್ಕೇನು ಬರ! ದಿನಕ್ಕೆ ಹತ್ತು ಸಲ ಅಂಗಳ ಗುಡಿಸುವ ಹನಮಂತವ್ವನ ಅಗಲ ಪರಾತಕ್ಕೆ ಕಸಬರಿಗೆ ಬರೆದಳು. ಪಕ್ಕದ ಮನೆಯ ಬನಶಂಕರೆವ್ವನ ಕೊಡಕ್ಕಂತೂ ಆ ಅಂಚಿನಿಂದ ಈ ಅಂಚಿಗೆ ತೆರೆದ ಬಾಯಿ, ಬಾಯಿ ತುಂಬ ಹಲ್ಲು. ಬರೆಯುವಾಗ ಒಬ್ಬಳೇ ಕುಳಿತು ಕಿಸಿಕಿಸಿ ನಕ್ಕಿದ್ದಳು. ಮದುವೆಯೇನೋ ಒಂದು ಸೌಟೂ ಅದಲುಬದಲಾಗದೆ ಮುಗಿಯಿತು. ಇವತ್ತು ಪಾತ್ರೆ ತಿರುಗಿ ಕೊಡಬೇಕು. ನಗು ಯಾವ ಊರಿಗೆ ಹೋಯಿತೋ!

ಉಳಿದವರದಾದರೂ ಸೈ. ಬನಶಂಕರೆವ್ವನದೇ ಅಂಜಿಕೆ. ಹಸೀನಾಬಿ ಹುಟ್ಟಿದಾಗ ಅಲ್ಮಾಸಬಿ ಜ್ವರದಲ್ಲಿ ಬಿದ್ದಿದ್ದಳು. ಆಗ ತನ್ನ ಕೂಸಿನ ಜೊತೆ ಹಸೀನಾಬಿಗೂ ಮೊಲೆ ಕೊಟ್ಟವಳು ಬನಶಂಕರೆವ್ವ. ಬಾಯಿ ಜೋರು, ಓಣಿಯ ಈ ತುದಿಯಲ್ಲಿ ಆಡಿದರೆ ಆ ತುದಿಗೆ ಕೇಳುತ್ತದೆ. ಆದರೆ ಮನಸ್ಸು ನೊಂದರೆ ಮಾತು ಬಿಟ್ಟೇಬಿಡುವ ಹೆಣ್ಣು; ಒಂದು ಮೊರದ ಸಲುವಾಗಿ ಸ್ವಂತ ನಾದಿನಿಯ ಜೊತೆ ಆರು ವರ್ಷ ಮಾತಾಡಿರಲಿಲ್ಲ. ಆ ಬಾಯಿ ತನ್ನ ಪಾಲಿಗೆ ಮುಚ್ಚಿಬಿಟ್ಟರೆ? ಅಲ್ಮಾಸಬಿಗೆ ಅಳುವೇ ಬಂತು.

ಹುಣಸೆಹಣ್ಣು ಆಯಿತು, ನಿಂಬೆ ಆಯಿತು. ಚಿಮಣಿ ಎಣ್ಣೆ ಹಚ್ಚಿದರೆ ಬೋಳುತಲೆಗೆ ಗಡ್ಡ ಬಂದಂತೆ ಕಪ್ಪು ಹರಡಿತು. ನೋಡುತ್ತ ಕುಳಿತಿದ್ದ ಅಬ್ದುಲಗನಿ ತಲೆ ಕೆರೆದುಕೊಂಡ.

"ಸ್ಪಿರಿಟ್ಟಿಗೆ ಹೋಗ್ತೈತಿ ಆಪಾ. ನಾ ನಿನಗ ತಂದ ಸೆಂಟಿನ್ಯಾಗ ಅದ ಇರ್ತೈತಿ. ಆದ್ರ…"

ಆ ಸೆಂಟನ್ನು ಅವಳು ಮಗಳ ಮದುವೆಯ ದಿನವೂ ಎರಡೇ ಹನಿ ಹಚ್ಚಿಕೊಂಡಿದ್ದಳು. ಆದರೂ ದಡಬಡ ಎದ್ದು ಶೀಸೆ ತಂದು ಅರಿವೆಯ ಮೇಲೆ ಸುರಿದೇಬಿಟ್ಟಳು. ಬೋಳುತಲೆ ಹೋಯಿತು! ಕಸಬರಿಗೆ ಹೋಯಿತು! ಒಂದೊಂದೇ ಒರೆಸುತ್ತ ಕೊಡಕ್ಕೆ ಬರುವ ಹೊತ್ತಿಗೆ ಶೀಸೆ ಬರಿದಾಗಿತ್ತು.

"ಅಲ್ಮಾಸಬಿ, ನನ್ನ ಕೊಡ ಎಲ್ಲೈತಿ? ನಳಕ್ಕ ನೀರು ಬರೂ ಹೊತ್ತಾತು. ಏನಬೇ ಇದು, ಅಂಗಳದಾಗ ಇಷ್ಟು ಘಮಾ ಘಮಾ!"

ಬನಶಂಕರೆವ್ವ ಬಾಗಿಲಲ್ಲೇ ನಿಂತಿದ್ದಳು. ಅಲ್ಮಾಸಬಿ ಕೊಡದ ಮೇಲೆ ಸೆರಗು ಹಾಕಿದಳು. ಬನಶಂಕರೆವ್ವ ಹತ್ತಿರ ಬಂದು ಸೆರಗು ಸರಿಸಿದಳು.

"ಯಾರ ಬಾಯಿ ಇದು?"

ಹುಡುಗರು ಬರೆದರು ಅನ್ನಲು ನಾಲಿಗೆ ಹೊರಳಿತ್ತು. ಆದರೆ ಆ ಮುಖ ನೋಡಿಕೊಂಡು ಸುಳ್ಳಾಡಲು ಆಗಲಿಲ್ಲ.

"ನಿಂದ ಅಕ್ಕಾ. ಗುರುತಿಗಂತ ನಾನ ಬರದೆ. ಈಗ ಹೋಗವಲ್ದು. ಬೇಕಾದ್ರ ಬೈಯಿ, ಎರಡು ಹೊಡಿ. ಮಾತು ಮಾತ್ರ ಬಿಡಬ್ಯಾಡ."

ಅಬ್ದುಲಗನಿ ಮೆಲ್ಲಗೆ ಒಳಗೆ ಜಾರಿದ. ಬನಶಂಕರೆವ್ವ ಕೊಡವನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

"ಹಲ್ಲು ತಪ್ಪ್ಯಾವ," ಅಂದಳು ಕೊನೆಗೆ.

"ಆಂ?"

"ಮುಂದಿನ ಎರಡು ಹಲ್ಲು ಯುಗಾದಿಗೇ ಬಿದ್ದುವಲ್ಲಬೇ! ಮೂವತ್ತು ವರ್ಷ ನನ್ನ ಬಾಯಿ ನೋಡಾಕತ್ತೀದಿ, ಇಷ್ಟೂ ಲಕ್ಷ್ಯ ಇಲ್ಲೇನು?"

ಅವಳ ನಗು ಓಣಿಯ ಆ ತುದಿಗೂ ಕೇಳಿರಬೇಕು. ಅಲ್ಮಾಸಬಿ ನಗುತ್ತಲೇ ಕಣ್ಣೊರೆಸಿಕೊಂಡು, ಎಲ್ಲಿಂದಾದರೂ ಸ್ಪಿರಿಟ್ಟು ತಂದು ಒರೆಸಿ ಕೊಡುತ್ತೇನೆ ಅಂದರೆ, ಬನಶಂಕರೆವ್ವ ಕೊಡವನ್ನು ಸೊಂಟಕ್ಕೇರಿಸಿಯೇಬಿಟ್ಟಳು. "ನನ್ನ ಬೆನ್ನಿಗೇ ನಿನ್ನ ಕೊಡಾನೂ ತಗೊಂಡು ಬಾ, ಜಲ್ದಿ!"

ನಳದ ಮುಂದೆ ಮೂವತ್ತು ಕೊಡಗಳ ಪಾಳಿ ಬೆಳೆದಿತ್ತು. ಬನಶಂಕರೆವ್ವ ತನ್ನದನ್ನು ಪಾಳಿಯಲ್ಲಿ ಇಟ್ಟು, ಬರೆದ ಬಾಯಿಯನ್ನು ಬೀದಿಗೆ ತಿರುಗಿಸಿ, ಮಗ್ಗಕ್ಕೆ ಹೋದಳು. ಅದರ ಹಿಂದೆ ಅಲ್ಮಾಸಬಿ ತನ್ನ ಕೊಡ ಇಟ್ಟು ನಿಂತಳು. ತಡವಾಗಿ ಬಂದ ಹೆಂಗಸೊಬ್ಬಳು ಅತ್ತಿತ್ತ ನೋಡಿ, ನಡುವೆ ಸೇರಿಸಲು ಕೊಡ ಎತ್ತಿದಳು. ಬನಶಂಕರೆವ್ವನ ಆ ಬಾಯಿ ಕಣ್ಣಿಗೆ ಬಿತ್ತು. ಎತ್ತಿದ ಕೊಡವನ್ನು ಬಗಲಿಗೆ ಹಿಡಿದು ಸುಮ್ಮನೆ ಪಾಳಿಯ ಕೊನೆಗೆ ನಡೆದಳು.