ಟೀರ್ ದೇವರ ಬಾವುಟ

ನಮ್ಮಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದವನು. ಇಗರ್ಜಿಗೆ ಹೋಗುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಮಾತ್ರ. ಆದರೆ ಇಗರ್ಜಿ ಬರುವುದಕ್ಕೂ ಮುಂಚಿನ ನಮ್ಮ ಹಳೆಯ ದೇವರುಗಳ ಕಥೆ ಶುರುಮಾಡಿದನೆಂದರೆ ಒಲೆಯ ಮೇಲೆ ಕಾಫಿ ಉಕ್ಕಿ ಚೆಲ್ಲಿದರೂ ಅವನಿಗೆ ಎಚ್ಚರವಿರುತ್ತಿರಲಿಲ್ಲ. ದೇವಿಯರ ಹೆಸರನ್ನೇ ಹುಡುಕಿ ನನಗೆ ಸಿವ್ ಎಂದೂ ತಂಗಿಗೆ ಈಡುನ್ ಎಂದೂ ಇಟ್ಟ. ಕಥೆ ಹೇಳುವ ಕಲೆ ಮಾತ್ರ ತಂಗಿಗೆ ಹೋಯಿತು. ಅಪ್ಪನ ಕೊರಳಿನಲ್ಲಿದ್ದ ಥೋರ್ ದೇವರ ಪುಟ್ಟ ಬೆಳ್ಳಿ ಸುತ್ತಿಗೆಯೂ ಅವಳಿಗೇ ಹೋಯಿತು.

ಈಡುನ್ ಊರಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಇದ್ದದ್ದು ಮಗ ಟೋರ್ಕೆಲ್ ಒಬ್ಬನೇ. ಕತ್ತಲೆಗೆ ಹೆದರುವ, ಮಾತು ಕಮ್ಮಿಯ ಹುಡುಗ. ದೇವರುಗಳ ಕಥೆಯೆಂದರೆ ಕಣ್ಣು ಪಿಳುಕಿಸದೆ ಕೇಳುತ್ತಿದ್ದ.

ಇಪ್ಪತ್ತು ತುಂಬುವ ಹೊತ್ತಿಗೆ ಅವನು ಮನೆ ಬಿಟ್ಟು, ರೈಲ್ವೆ ಸ್ಟೇಷನ್ನಿನ ಹಿಂದಿನ ಪಾಳು ಅಂಗಡಿಯಲ್ಲಿ ಬೀಡುಬಿಟ್ಟಿದ್ದ ಗುಂಪನ್ನು ಸೇರಿಕೊಂಡ. ಅವರ ಹಸಿರು ಬಾವುಟದ ಮೇಲೆ ಹಳೆಯ ಕಥೆಗಳ ಒಂಟಿಗೈ ಯುದ್ಧದೇವರಾದ ಟೀರ್ ದೇವರ ಗುರುತು, ಮೇಲಕ್ಕೆ ನೆಟ್ಟ ಬಾಣ. ಹೊರಗಿನಿಂದ ಬಂದವರನ್ನೆಲ್ಲ ಓಡಿಸಬೇಕು ಎಂಬುದು ಅವರ ಹಟ. ಟೋರ್ಕೆಲ್ ಅದೇ ಬಾಣವನ್ನು ಕತ್ತಿನ ಮೇಲೆ ಹಚ್ಚೆ ಹುಯ್ಯಿಸಿಕೊಂಡ. "ಕೆಲಸ ಇಲ್ಲ, ಗೆಳೆಯರಿಲ್ಲ. ನಾಲ್ಕು ದಿನದ ಹುಚ್ಚು ಅಕ್ಕಾ, ಬಿಡುತ್ತೆ" ಎಂದಳು ಈಡುನ್. ನಾನೂ ಹೂಂ ಎಂದೆ.

ಲೈಬ್ರರಿಯ ಎದುರಿಗೆ ನಜ್ವಾಳ ರೊಟ್ಟಿ ಅಂಗಡಿ. ಅಲೆಪ್ಪೊ ಕಡೆಯವಳು, ಅಲ್ಲಿನ ಯುದ್ಧ ತಪ್ಪಿಸಿಕೊಂಡು ಅಣ್ಣ ಗಸ್ಸಾನ್ ಜೊತೆ ನಮ್ಮೂರಿಗೆ ಬಂದವಳು. ಈಡುನ್‌ಗೂ ಅವಳಿಗೂ ದಿನಾ ಕಾಫಿಯ ಸ್ನೇಹ. ಒಂದು ಬೆಳಗ್ಗೆ ಅಂಗಡಿಯ ಗಾಜು ಒಡೆದು ಬಿದ್ದಿತ್ತು, ಬಾಗಿಲಿನ ಮೇಲೆ ಬಾಣದ ಗುರುತು ಗೀಚಿದ್ದರು. ನಾವಿಬ್ಬರೂ ಚೂರು ಗುಡಿಸಲು ಹೋದೆವು. ಬಗ್ಗಿದಾಗ ಈಡುನ್ ಕೊರಳಿನ ಸುತ್ತಿಗೆ ಅಂಗಿಯಿಂದ ಈಚೆ ಜೋತುಬಿತ್ತು. ನಜ್ವಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನಿಂದೂ ಇದೇನಾ?" ಎಂದಳು.

"ಇದು ನಮ್ಮಪ್ಪಂದು ನಜ್ವಾ. ಅವರದಲ್ಲ."

"ನಂಗೆ ಹೇಗೆ ಗೊತ್ತಾಗ್ಬೇಕು? ಅವರೆಲ್ಲರ ಕತ್ತಲ್ಲೂ ಇದೇ ನೇತಾಡುತ್ತೆ."

ಈಡುನ್ ಅಲ್ಲೇ ಸರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು, "ಬಾ ಅಕ್ಕಾ, ಸ್ಟೇಷನ್ ಹಿಂದಕ್ಕೆ ಹೋಗೋಣ" ಎಂದಳು.

ಬಾಗಿಲು ತೆರೆದವನು ಸ್ಟೆಲ್ಲಾನ್ ಎಂಬ ಅವರ ಮುಖಂಡ. ನಲವತ್ತರ ಆಸುಪಾಸು, ನೀಟಾಗಿ ಬಾಚಿದ ಕೂದಲು, ಬೆಣ್ಣೆಯಂಥ ಮಾತು. "ಬನ್ನಿ ತಾಯಿ, ಕಾಫಿ ತಗೊಳ್ಳಿ. ನಮ್ಮ ಹುಡುಗರಿಗೆ ದೇವರ ಹೆಸರೇ ನೆಟ್ಟಗೆ ಬರಲ್ಲ. ಅವರಿಗೆ ಕಥೆ ಹೇಳಿಕೊಡೋನು ನಿಮ್ಮ ಮಗನೇ. ಎಲ್ಲಾ ನೀವು ಕಲಿಸಿದ್ದು" ಎಂದ.

ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಟೋರ್ಕೆಲ್ ಗೋಡೆಗೊರಗಿ ನಿಂತಿದ್ದ.

"ಟೀರ್ ಕೈ ಯಾಕೆ ಹೋಯ್ತು ಅಂತ ಇವರಿಗೆ ಹೇಳಿದೀಯೇನೋ?" ಎಂದು ಅವನನ್ನೇ ಕೇಳಿದಳು.

"ಅಮ್ಮಾ, ಮನೆಗೆ ಹೋಗು. ಮಾನ ಕಳೀಬೇಡ."

"ಹೇಳೋ! ತೋಳದ ಮರಿ ದೇವರ ಮನೇಲೇ ಬೆಳೀತು. ಅದಕ್ಕೆ ಊಟ ಹಾಕೋ ಧೈರ್ಯ ಇದ್ದಿದ್ದು ಟೀರ್ ಒಬ್ಬನಿಗೇ. ಅದನ್ನ ಕಟ್ಟಿಹಾಕ್ಲೇಬೇಕಾಗಿ ಬಂದಾಗ, ಮೋಸ ಇಲ್ಲ ಅಂತ ನಂಬ್ಸೋಕೆ ಅದರ ಬಾಯಲ್ಲಿ ಕೈ ಇಟ್ಟೋನೂ ಅವನೇ. ಮೋಸಾನೇ ಅದು, ಅವನಿಗೆ ಗೊತ್ತಿತ್ತು. ಕೈ ಹೋಯ್ತು. ಒಬ್ಬ ಹೆಂಗಸಿನ ಅಂಗಡಿ ಗಾಜು ಒಡೆಯೋಕೆ ಅವನ್ಯಾಕ್ರೋ ನಿಮಗೆ?"

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. "ಲೋ ಟೋರ್ಕೆಲ್, ನಿಮ್ಮಮ್ಮಂಗೂ ಒಂದು ಬಾವುಟ ಕೊಡೋ!" ಟೋರ್ಕೆಲ್ ಕಿವಿಯವರೆಗೆ ಕೆಂಪಾದ. ತಾನೇ ನಮ್ಮನ್ನು ಹೊರಕ್ಕೆ ತಳ್ಳಿ ಬಾಗಿಲು ಹಾಕಿಕೊಂಡ.

ಆ ಚಳಿಗಾಲದಲ್ಲೇ ಅಂಗಡಿಗೆ ಬೆಂಕಿ ಬಿತ್ತು. ನಸುಕಿನಲ್ಲಿ ಹಿಟ್ಟು ನಾದಲು ಬಂದಿದ್ದ ಗಸ್ಸಾನ್ ಹೊಗೆಯಲ್ಲಿ ಸಿಕ್ಕಿಬಿದ್ದ, ಉಸಿರಿದ್ದಾಗಲೇ ಹೊರಗೆಳೆದರಂತೆ. ಸುದ್ದಿ ಕೇಳಿ ನಾನು ತಂಗಿಯ ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಟೋರ್ಕೆಲ್ ಕೂತಿದ್ದ. ಜಾಕೆಟ್ಟಿನಿಂದ ಪೆಟ್ರೋಲ್ ವಾಸನೆ ಮೂಗಿಗೆ ರಾಚುತ್ತಿತ್ತು.

"ಒಳಗೆ ಯಾರೂ ಇಲ್ಲ ಅಂದ್ರು ಅಮ್ಮಾ. ಸ್ಟೆಲ್ಲಾನ್ ಹಂಗೇ ಅಂದಿದ್ದ. ಯಾರಿಗೂ ಹೇಳಲ್ಲ ತಾನೆ?"

ಈಡುನ್ ಆಲೂಗಡ್ಡೆ ಹುರಿದು ತಟ್ಟೆ ಅವನ ಮುಂದಿಟ್ಟಳು. ಅವನ ತಲೆಯ ಮೇಲೆ ಕೈಯಿಟ್ಟು, "ಯಾರಿಗೂ ಹೇಳಲ್ಲ ಕಣೋ. ತಿಂದು ಮಲಕ್ಕೋ" ಎಂದಳು.

ಅವನು ತಿಂದ. ಹಳೆಯ ಕೋಣೆಗೆ ಹೋಗಿ ಮಂಚಕ್ಕೆ ಉರುಳಿದ. ಈಡುನ್ ಬಾಗಿಲ ಬಳಿ ನಿಂತು ಗೊರಕೆ ಬರುವವರೆಗೆ ಕಾದಳು. ಆಮೇಲೆ ಅಡುಗೆಮನೆಗೆ ಬಂದು ಫೋನ್ ಎತ್ತಿಕೊಂಡಳು.

"ಏನೇ ಮಾಡ್ತಿದೀಯ?" ನಾನು ಅವಳ ಕೈ ಹಿಡಿದೆ. "ಹೆತ್ತ ಮಗ ಕಣೇ. ನಿನ್ನ ನಂಬಿ ಮಲಗಿದಾನೆ."

"ಇವತ್ತು ಬಿಟ್ರೆ ನಾಳೆ ಇನ್ನೊಬ್ಬರನ್ನ ಸುಡ್ತಾನೆ ಅಕ್ಕಾ. ಕೈ ಬಿಡು."

ಬಿಟ್ಟೆ. ಅವಳು ಮಗನ ಪೂರ್ತಿ ಹೆಸರು, ವಿಳಾಸ, ಎಲ್ಲವನ್ನೂ ನಿಧಾನವಾಗಿ ಹೇಳಿದಳು, ಯಾರದೋ ಮನೆಯ ವಿಷಯವೆಂಬಂತೆ. ಪೊಲೀಸರು ಬಂದು ಎಬ್ಬಿಸಿದಾಗ ಅವನು ಕೂಗಾಡಲಿಲ್ಲ. ಮೊದಲು ಅವಳನ್ನು ನೋಡಿದ, ಆಮೇಲೆ ನನ್ನನ್ನು. "ಹೇಳಲ್ಲ ಅಂದಿದ್ದೆ ನೀನು, ಅಮ್ಮಾ" ಎಂದ, ಅಷ್ಟೇ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಮೇಲೆ ನನ್ನ ತಂಗಿ ನೆಲಕ್ಕೆ ಕುಸಿದು ಅತ್ತದ್ದನ್ನು ಪಕ್ಕದ ಮನೆಯವರೂ ಕೇಳಿಸಿಕೊಂಡರು.

ಟೋರ್ಕೆಲ್‌ಗೆ ಜೈಲಾಯಿತು. ಸ್ಟೆಲ್ಲಾನ್ ಮೇಲೆ ಸಾಕ್ಷಿ ಸಾಲಲಿಲ್ಲ. ಬೇಸಿಗೆಯಲ್ಲಿ ಅವನ ಗುಂಪು ಮತ್ತೆ ಚೌಕದಲ್ಲಿ ಬಾವುಟ ಹಿಡಿದು ನಡೆಯಿತು. ಗಸ್ಸಾನ್ ಉಳಿದ, ಆದರೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಈಡುನ್ ಆಸ್ಪತ್ರೆಗೆ ಹೋದಾಗ ನಜ್ವಾ ಬಾಗಿಲಲ್ಲೇ ತಡೆದಳು. "ನೀನು ಮಾಡಿದ್ದು ಸರಿ. ನಂಗೊತ್ತು. ಆದ್ರೂ ಇನ್ಮೇಲೆ ಬರ್ಬೇಡ ಈಡುನ್. ನಿನ್ನ ಮುಖದಲ್ಲಿ ಅವನೇ ಕಾಣ್ತಾನೆ." ಅಣ್ಣ ತಂಗಿ ಇಬ್ಬರೂ ಮಾಲ್ಮೋ ಪಟ್ಟಣದ ಕಡೆಗೆ ಹೋದರೆಂದು ಕೇಳಿದೆ. ಶನಿವಾರದ ಕಥೆಯೂ ನಿಂತುಹೋಯಿತು. ಲೈಬ್ರರಿಯವರು ಬೇಡವೆನ್ನಲಿಲ್ಲ, ಅವಳೇ ಬಾಯಿ ಬಿಡಲಾರದೆ ಹೋದಳು.

ಜೈಲಿನ ಭೇಟಿಯ ದಿನ ನಾನೇ ಕಾರಿನಲ್ಲಿ ಅವಳನ್ನು ಕರೆದುಕೊಂಡು ಹೋಗುತ್ತೇನೆ. ಅವನು ಒಮ್ಮೆಯೂ ಭೇಟಿಯ ಕೋಣೆಗೆ ಬಂದಿಲ್ಲ. ಮೊನ್ನೆಯೂ ಕಾವಲಿನ ಹೆಂಗಸು ಬಂದು, "ಬರಲ್ಲ ಅಂತಿದಾನಮ್ಮ. ಏನಾದ್ರೂ ಹೇಳೋದಿದೆಯಾ?" ಎಂದು ಮೆತ್ತಗೆ ಕೇಳಿದಳು. ಈಡುನ್ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಕಡೆ ನಡೆದಳು.

ಕಾರಿಗೆ ಬಂದು ಕೂತ ಮೇಲೆ, "ಮನೆಗೆ ಬೇಡ ಅಕ್ಕಾ" ಎಂದಳು.

"ಮತ್ತೆ ಎಲ್ಲಿಗೆ?"

"ಗೊತ್ತಿಲ್ಲ. ಓಡಿಸ್ತಿರು."

ಊರಿನ ದಾರಿ ಎಡಕ್ಕಿತ್ತು. ನಾನು ಬಲಕ್ಕೆ ತಿರುಗಿಸಿದೆ.