ಟೋಪಿಯ ಕೆಳಗಿನ ಮುಖ

ಹೆಂಗಸರ ಮುಖ ಇಣುಕಿ ನೋಡುವ ಚಾಳಿ ಈ ವಯಸ್ಸಿನಲ್ಲಿ ಹತ್ತಿಕೊಂಡಿತೇ ಗಂಡನಿಗೆ? ಮಾರ್ವಾ ಅವನ ಮೇಲೆ ಕಣ್ಣಿಟ್ಟೇ ಇದ್ದಳು. ಇತಿಹಾಸ ಅಂದರೆ ಆಕಳಿಸುತ್ತಿದ್ದ ಡ್ವೈಟ್ ಇದ್ದಕ್ಕಿದ್ದಂತೆ, ದೇಶ ಹುಟ್ಟಿದ ಜಾಗಗಳನ್ನು ನೋಡೋಣ ಅಂತ ಒಹಾಯೋದಿಂದ ಮ್ಯಾಸಚೂಸೆಟ್ಸ್‌ವರೆಗೆ ಕಾರು ಓಡಿಸಿಕೊಂಡು ಬಂದಿದ್ದ. ಬಂದವನು ಕೋಟೆ ನೋಡಲಿಲ್ಲ, ಫಿರಂಗಿ ನೋಡಲಿಲ್ಲ. ಪ್ರವಾಸಿಗರಿಗೆ ತೋರಿಸಲೆಂದು ಹಳೇ ಕಾಲದ ವೇಷ ಹಾಕಿ ಬೆಣ್ಣೆ ಕಡೆಯುವ ಹೆಂಗಸರ ಬಿಳಿ ಟೋಪಿಯ ಕೆಳಗೆ ಕಣ್ಣು ತೂರಿಸುವುದೇ ಕೆಲಸ.

"ಏನ್ರೀ ಹುಡುಕ್ತಿದ್ರಿ ಅವಳ ಮುಖದಲ್ಲಿ?"

"ಟೋಪಿ ಹೊಲಿಗೆ ನೋಡ್ತಿದ್ದೆ."

ಹಿಂದಿನ ಸೀಟಿನಲ್ಲಿ ಡೋನಟ್ ಕಚ್ಚುತ್ತಿದ್ದ ಅತ್ತೆ ಆರ್ಡಿತ್, "ಇವನಪ್ಪನೂ ಊರವರ ಹೊಲಿಗೆಯೆಲ್ಲ ನೋಡ್ತಿದ್ರು ಕಣೆ" ಎಂದಳು.

ನಾಲ್ಕು ವರ್ಷದ ಹಿಂದೆ ಮಗಳು ಥೀಡಾ ಮನಸ್ಸು ಕೊಟ್ಟವನನ್ನು ಕಟ್ಟಿಕೊಂಡು ಹೋದಾಗ, ಮನೆಯಲ್ಲಿ ಅವಳ ಹೆಸರೆತ್ತಬೇಡಿ ಎಂದ ಮಹಾ ಮರ್ಯಾದಸ್ಥ ಇವನೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಗೊತ್ತಾಗುವುದಿಲ್ಲವೇ? ಇವತ್ತು ಕೈಯಾರೆ ಹಿಡಿಯಬೇಕೆಂದು ಮಾರ್ವಾ ಬೆನ್ನು ಬಿಡಲಿಲ್ಲ.

ಮೂರನೆಯ ಜಾಗ ಹುಲ್ಲುಚಾವಣಿ ಮನೆಗಳ ಹಳ್ಳಿ. ಅಲ್ಲಿ ಕೆಲಸ ಮಾಡುವವರು ನಾನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದು ನೆಲೆಸಿದವರಂತೆಯೇ ಇರಬೇಕು, ಮಾತಿನಲ್ಲೂ ಈ ಕಾಲಕ್ಕೆ ಬರುವಂತಿಲ್ಲ. ಫೋನು ತೋರಿಸಿದರೆ "ಇದೇನು ಮಾಟ?" ಎನ್ನುತ್ತಾರೆ. ಕಡೇ ಮನೆಯ ಬಾಗಿಲಲ್ಲಿ ಡ್ವೈಟ್ ನಿಂತುಬಿಟ್ಟ. ಸಿಕ್ಕಿದಳು ಸವತಿ ಅಂತ ಮಾರ್ವಾ ಅವನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು.

ಒಲೆಯ ಮುಂದೆ ಗಂಜಿ ತಿರುವುತ್ತಿದ್ದವಳು ಥೀಡಾ.

ಮಾರ್ವಾಳ ಕಣ್ಣು ತುಂಬಿ ಬಂತು. "ಇಂಥದೊಂದು ಹಳ್ಳೀಲಿ ಇವಳನ್ನ ಕಂಡೆ ಅಂದ್ರು ಪಕ್ಕದ್ಮನೆಯವರು. ಯಾವುದು ಅಂತ ಅವರಿಗೆ ನೆನಪಿರಲಿಲ್ಲ. ನಿಂಗೆ ಆಸೆ ಹುಟ್ಸಿ ಸಿಗದೇ ಹೋದ್ರೆ ಅಂತ ಹೇಳಲಿಲ್ಲ" ಎಂದು ಡ್ವೈಟ್ ಕಿವಿಯಲ್ಲಿ ಗೊಣಗಿದ. ಇಂಥವನನ್ನು ಏನೆಂದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸುತ್ತ ಪ್ರವಾಸಿಗರು. ಥೀಡಾ ತಲೆಯೆತ್ತಿದಳು, ಕಂಡಳು, ಮತ್ತೆ ಗಂಜಿ ತಿರುವಿದಳು.

ಡ್ವೈಟ್ ಕ್ಯಾಪ್ ತೆಗೆದು ಕೈಯಲ್ಲಿ ಹಿಂಡುತ್ತಾ ಪ್ರವಾಸಿಯಂತೆಯೇ ಕೇಳಿದ. "ನಿಮ್ಮ ತಂದೆ ಇದ್ದಾರೇನಮ್ಮ?"

"ಕಡಲಾಚೆ ಬಿಟ್ಟು ಬಂದೆ. ನನ್ನ ಗಂಡ ಅವರಿಗೆ ಹಿಡಿಸಲಿಲ್ಲ. ಹಡಗು ಹತ್ತೋವಾಗ ನೋಡೋಕೂ ಬರಲಿಲ್ಲ."

"ತಪ್ಪು ಮಾಡಿದ. ಈಗ ಕಡಲು ದಾಟಿ ಬಂದಿದ್ದಾನೆ."

ಸೌಟು ನಿಂತಿತು. ನಾಟಕ ಚೆನ್ನಾಗಿದೆಯೆಂದು ಯಾರೋ ಚಪ್ಪಾಳೆ ತಟ್ಟಿದರು. ಥೀಡಾ ಟೋಪಿಯ ದಾರ ಬಿಚ್ಚಿ, ಅದರಲ್ಲೇ ಕಣ್ಣೊರೆಸಿಕೊಂಡಳು.

"ಐದಕ್ಕೆ ಡ್ಯೂಟಿ ಮುಗಿಯುತ್ತೆ, ಅಪ್ಪ. ಪಾರ್ಕಿಂಗ್ ಹತ್ರ ಇರಿ. ಅಮ್ಮನಿಗೆ ಅಳಬೇಡ ಅಂತ ಹೇಳಿ."