ಅಪ್ಪ ಕೇಳಿಸಿಕೊಂಡ ಟ್ಯಾಪೆಟ್

೧

ಎಲ್ಲಿಂದ ಶುರು ಮಾಡಲಿ? ಬಾನೆಟ್ ಎತ್ತಿದ ಕಡೆಯಿಂದಲೋ, ಜಗಳದಿಂದಲೋ? ನನಗೆ ಜಗಳವೇ ಇಷ್ಟ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟವನು ಬರೆಯಲು ಕೂತರೆ ಮೊದಲು ಬರುವುದು ಸಿಟ್ಟು. ಆದರೆ ಓದುಗರೇ, ವಿಷಯ ಇಷ್ಟೇ: ತೊಂಬತ್ತನಾಲ್ಕನೇ ಇಸವಿ, ಪಾಂಡವಪುರದ ನಮ್ಮ ಅಂಗಳ, ಅಪ್ಪ ಅಂದಾನಯ್ಯ, ಒಂದು ಹಳೇ ಅಂಬಾಸಿಡರ್. ಮಾರನೆಯ ದಿನ ಕೆ.ಆರ್. ಪೇಟೆಯಿಂದ ಬಸುರಿ ಅಕ್ಕ ಚಂದ್ರಕಲಳನ್ನು ಬಾಣಂತನಕ್ಕೆ ಕರೆತರಬೇಕು. ತಾನೇ ಓಡಿಸಿಕೊಂಡು ಬರುವುದಾಗಿ ಅಪ್ಪ ಬೀಗರಿಗೆ ಮಾತು ಕೊಟ್ಟಿದ್ದ.

೩

(ಅಂಕಿ ತಪ್ಪಿಲ್ಲ. ಈ ಇಂಜಿನ್ನಿನ ಎಂಟು ವಾಲ್ವುಗಳನ್ನು ಸಾಲಾಗಿ ಹೊಂದಿಸುವಂತಿಲ್ಲ. ಆರನೆಯದು ಪೂರ್ತಿ ತೆರೆದಾಗ ಮೂರನೆಯದರ ಸರದಿ. ಕಥೆಗೂ ಅದೇ ಸರದಿ ಹಿಡಿದಿದ್ದೇನೆ, ಏನೋ ದೊಡ್ಡ ಲೇಖಕನ ಹಾಗೆ. ನೀವು ಮೇಲಿಂದ ಕೆಳಕ್ಕೇ ಓದಿ.)

೫

ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ನಾಳಿನ ಪ್ರಯಾಣಕ್ಕೆ ಟ್ಯಾಪೆಟ್ ಹೊಂದಿಸುವುದೆಂದರೆ ಈ ಸಂದನ್ನು ಸರಿಮಾಡುವುದು. ಸಂದಿಲ್ಲದಿದ್ದರೆ ಇಂಜಿನ್ ಸದ್ದಿಲ್ಲದೆ ಓಡಿ ವಾಲ್ವ್ ಸುಟ್ಟುಹೋಗುತ್ತದೆ. ಹೆಚ್ಚಾದರೆ ಕಟಕಟ ಬಡಿದುಕೊಳ್ಳುತ್ತದೆ. ನಾನು ಸಂದಿನಲ್ಲಿ ಗೇಜಿನ ತಗಡು ತೂರಿಸಿ ಅಳೆಯುವವನು. ಅಪ್ಪ ಕಿವಿಯಲ್ಲೇ ಅಳೆಯುವವನು.

ಎಂಟನ್ನೂ ಹೊಂದಿಸಿ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಎಂದು ಹದವಾಗಿ ಓಡಿತು. ಅಪ್ಪ ಒಪ್ಪಲಿಲ್ಲ.

"ಬಿಗಿಯಾಗದೆ ಕಣ್ಲಾ. ಮೂಗನಂಗೆ ಓಡ್ತಾದೆ. ಇನ್ನೊಸಿ ಬುಡು."

ಬಿಟ್ಟೆ. ಇನ್ನೂ ಬಿಡು ಅಂದ. ಹಲ್ಲು ಕಚ್ಚಿ ಮತ್ತೂ ಬಿಟ್ಟೆ; ಬೀದಿಗೆಲ್ಲ ಕಟಕಟ. ಎದುರುಮನೆಯ ಹೊನ್ನಪ್ಪ ಬಂದು, ಮಿಲ್ಲು ಹಾಕಿದ್ದೀರಂತಲ್ಲ, ರಾಗಿ ತರಲೋ ಎಂದು ಕೇಳಿದ. ಅಪ್ಪನಿಗೆ ಅದೂ ಕೇಳಿಸಲಿಲ್ಲ. ಅವನು ನಕ್ಕಿದ್ದು ಕಂಡು ತಾನೂ ನಕ್ಕ.

೨

(ಇಲ್ಲೊಂದು ಡ್ರಾಫ್ಟ್ ಹರಿದು ಹಾಕಿದೆ. ಅದರಲ್ಲಿ ನಾನು ಸ್ಪ್ಯಾನರ್ ಬಿಸಾಕಿ, ನಿನಗೆ ಕಿವಿ ಕೇಳುವುದಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಕಥೆಗೆ ಒಳ್ಳೇ ಕ್ಲೈಮ್ಯಾಕ್ಸು. ಮನೆಗಲ್ಲ.)

ಹಿಂದಿನ ವಾರ ಚಿನಕುರಳಿ ರಸ್ತೆಯಲ್ಲಿ ಅಪ್ಪ ಕಾರು ಓಡಿಸುತ್ತಿದ್ದಾಗ ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿ, ಕೊನೆಗೆ ಮುಂದೆ ನುಗ್ಗಿ ಅಡ್ಡ ನಿಂತಿತು. ಡ್ರೈವರ್ ಇಳಿದು ಬಂದು ನಮ್ಮ ವಂಶವನ್ನೆಲ್ಲ ಬೈದ. ಏನಂತೆ ಎಂದು ಅಪ್ಪ ನನ್ನನ್ನು ಕೇಳಿದ. ನಾಗಮಂಗಲಕ್ಕೆ ದಾರಿ ಕೇಳುತ್ತಿದ್ದಾನೆ ಎಂದು ಅವನ ಕಿವಿಯ ಬಳಿ ಬಾಗಿ ಹೇಳಿದೆ. ಅಪ್ಪ ಕಾರಿನಿಂದ ಕೈ ಚಾಚಿ, ಬಹಳ ಮರ್ಯಾದೆಯಿಂದ ಅವನಿಗೆ ದಾರಿ ತೋರಿಸಿದ.

೮

ಮುಕ್ತಾಯ ಒಂದು: ಸಡಿಲವಾಗಿಯೇ ಬಿಡುತ್ತೇನೆ, ಅಪ್ಪನಿಗೆ ಕೇಳಿಸಲಿ. ಇಂಜಿನ್ ತಡೆದುಕೊಳ್ಳುತ್ತದೆ. ಆದರೆ ಹಿಂದಿನಿಂದ ಬರುವ ಲಾರಿ? ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಹೊಟ್ಟೆಯಲ್ಲಿ ಮಗು. ಬೇಡ.

ಮುಕ್ತಾಯ ಎರಡು: ಒಂದು ವೈರ್ ಕಿತ್ತು, ಕಾರು ಕೆಟ್ಟಿದೆ, ಬಸ್ಸಿನಲ್ಲಿ ಹೋಗೋಣ ಎನ್ನುತ್ತೇನೆ. ಹಿಂದಿನ ಸೀಟಿಗೆ ಅಪ್ಪ ಆಗಲೇ ದಿಂಬು ಇಟ್ಟಿದ್ದ. ಆ ಮುಕ್ತಾಯವನ್ನೂ ಹೊಡೆದುಹಾಕಿದೆ.

೬

ಕಥೆಗಾರ ಹೀಗೆ ಒದ್ದಾಡುತ್ತಿದ್ದರೆ ಪಾತ್ರ ಕಾಯಲಿಲ್ಲ. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಬಗ್ಗಿದ. ತಟ್ಟನೆ ತಲೆ ಎಳೆದುಕೊಂಡ. ಮತ್ತೆ ಇಟ್ಟ, ಮತ್ತೆ ತೆಗೆದ. ಮೂಳೆಯೊಳಗೆ ಕಟಕಟ. ಹೊರಗೆ ಅವನ ಕಿವಿಗೆ ಏನೂ ಇಲ್ಲ.

ಆಫ್ ಮಾಡು ಎಂದು ಕೈ ಮಾಡಿದ. ಗೇಜನ್ನು ಒರೆಸಿ ನನ್ನ ಕೈಗೆ ಕೊಟ್ಟ.

೪

ನಾನು ಒಂದೊಂದನ್ನೂ ಮತ್ತೆ ಅಳತೆಗೆ ತಂದೆ. ಅಪ್ಪ ಬಂಪರಿನ ಮುಂದೆ ಕೂತು ಇಂಜಿನ್ನಿನ ಹ್ಯಾಂಡಲ್ ತಿರುಗಿಸುತ್ತ, ನನ್ನ ಕಡೆ ನೋಡದೆ ಕೇಳಿದ:

"ಆ ಲಾರಿಯವ್ನು ದಾರಿ ಕೇಳ್ನಿಲ್ಲ, ಅಲ್ವೇನ್ಲಾ ಚಲುವ?"

(ಈ ಮಾತು ನಾನು ಬರೆದದ್ದಲ್ಲ.)

ಅವನು ತಿರುಗುವವರೆಗೆ ಕಾದು, ಇಲ್ಲ ಎಂದು ತಲೆಯಾಡಿಸಿದೆ. ಅಪ್ಪ ಎದ್ದು ಕಾರಿನ ಕೀ ನನ್ನ ಜೇಬಿಗೆ ಹಾಕಿದ.

"ನಾಳೆ ನೀನೇ ಓಡ್ಸು. ನಾ ಪಕ್ಕದಲ್ಲಿ ಕುಂತ್ಕತೀನಿ. ಚಂದ್ರಿಗೆ ಏನೂ ಏಳ್ಬ್ಯಾಡ."

೭

ಇಲ್ಲಿ ಅಕ್ಕ ಕಾರು ಹತ್ತಬೇಕು. ಅಪ್ಪ ಯಾಕೆ ಆ ಕಡೆ ಕೂತಿದ್ದಾನೆ ಎಂದು ಕೇಳಬೇಕು. ನಾನೇನೋ ಹೇಳಬೇಕು. ಬರೆಯುವುದಿಲ್ಲ. ಹೇಳಬೇಡ ಎಂದಿದ್ದಾನೆ, ನಿಮಗೆ ಹೇಳಿದ್ದೇ ಹೆಚ್ಚಾಯಿತು.

ಸದ್ಯಕ್ಕೆ ಬಾನೆಟ್ ತೆರೆದೇ ಇದೆ. ಇಂಜಿನ್ ಹದವಾಗಿ ಓಡುತ್ತಿದೆ. ಅಪ್ಪ ಸ್ಕ್ರೂಡ್ರೈವರನ್ನು ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಾನೆ. ಯಾರೂ ಆಫ್ ಮಾಡಬೇಡಿ.